ಚಂದ್ರಿಕೆಯ ಸುತ್ತಿನಲ್ಲಿ ಇಪ್ಪತ್ತು ಬಟ್ಟೆಚೂರು

ಶನಿವಾರ ಇಂಗ್ಲೆಂಡಿನ ದೊಡ್ಡ ಫುಟ್‌ಬಾಲ್ ಲೀಗು ಶುರುವಾಗುತ್ತದೆ. ಈ ಸಲ ಗೆಲ್ಲುವುದು ಕೆಂಪು ಅಂಗಿಯವರು ಎಂದು ನನ್ನ ಅಂದಾಜು. ಎರಡನೆಯ ಜಾಗಕ್ಕೆ ತಿಳಿನೀಲಿ. ಪ್ರತಿ ವರ್ಷ ಆಗಸ್ಟಿನಲ್ಲಿ ಈ ಅಂದಾಜನ್ನು ನಾನು ಮೊದಲು ಹೇಳುತ್ತಿದ್ದುದು ನನ್ನ ತಮ್ಮನಿಗೆ. ಈ ಸಲ ಹೇಳಿಲ್ಲ. ಅವನು ಗೋಡೆಯಾಚೆಯ ಮನೆಯಲ್ಲೇ ಇದ್ದಾನೆ, ಆದರೆ ನನ್ನ ಜೊತೆ ಮಾತು ಬಿಟ್ಟಿದ್ದಾನೆ. ಬಿಡುವಂಥ ಕೆಲಸವನ್ನೇ ನಾನು ಮಾಡಿದ್ದೇನೆ.

ನಮ್ಮದು ಮೇಲೂರು. ಅಪ್ಪನ ಜಮೀನನ್ನು ಇಬ್ಬರೂ ಹಂಚಿಕೊಂಡಾಗ ಪಡುವಲ ಕಡೆಯದು ನನಗೆ ಬಂತು, ಮೂಡಲ ಕಡೆಯದು ಅವನಿಗೆ. ನಾನು ದ್ರಾಕ್ಷಿ ಹಾಕಿದೆ. ಅವನು ಹಿಪ್ಪುನೇರಳೆಯನ್ನೇ ಉಳಿಸಿಕೊಂಡು ರೇಷ್ಮೆ ಹುಳು ಸಾಕಿದ. ಇಬ್ಬರೂ ಶಿಡ್ಲಘಟ್ಟದಲ್ಲಿ ಹೈಸ್ಕೂಲು ಮುಗಿಸಿದವರು. ಅಲ್ಲಿ ಡ್ರಿಲ್ ಮಾಸ್ತರರೊಬ್ಬರು ನಮಗೆ ಬರಿಗಾಲಲ್ಲಿ ಫುಟ್‌ಬಾಲ್ ಆಡಿಸುತ್ತಿದ್ದರು. ತಮ್ಮ ಓಡುತ್ತಿದ್ದ, ನಾನು ಗೋಲಿನ ಮುಂದೆ ನಿಲ್ಲುತ್ತಿದ್ದೆ. ಊರಿಗೆ ಕೇಬಲ್ ಬಂದ ಮೇಲೆ ಇಂಗ್ಲೆಂಡಿನ ಆಟ ಟಿವಿಯಲ್ಲಿ ಕಾಣಿಸಿತು. ಹುಳುವಿಗೆ ಸಂಜೆಯ ಸೊಪ್ಪು ಹಾಕಿ ಬಂದು ಕೂತರೆ ಸರಿಯಾಗಿ ಅಲ್ಲಿ ಆಟ ಶುರು. ಹೀಗೆ ಹತ್ತಿದ ಹುಚ್ಚು ಅದು.

ತಂಡಗಳ ಹೆಸರು ನಮ್ಮ ನಾಲಿಗೆಗೆ ಹೊರಳುತ್ತಿರಲಿಲ್ಲ. ಅಂಗಿಯ ಬಣ್ಣವೇ ಹೆಸರು. ದೊಡ್ಡ ಕೆಂಪು, ಸಣ್ಣ ಕೆಂಪು, ತಿಳಿನೀಲಿ, ಬಿಳಿ, ಪಟ್ಟೆಯವರು. ನನ್ನದು ಬಿಳಿ. ಒಟ್ಟು ಇಪ್ಪತ್ತು ತಂಡ. ಮೇ ತಿಂಗಳಲ್ಲಿ ಕೊನೆಯ ಮೂರು ತಂಡ ಕೆಳಗಿನ ಲೀಗಿಗೆ ಇಳಿಯುತ್ತವೆ, ಅಲ್ಲಿಂದ ಮೂರು ಮೇಲಕ್ಕೆ ಬರುತ್ತವೆ. ಯಾರು ಎಲ್ಲಿ ನಿಲ್ಲುತ್ತಾರೆ ಎಂದು ಮೊದಲೇ ಹೇಳುವುದಕ್ಕೆ ತಮ್ಮನ ಹೆಂಡತಿ ಒಂದು ದಾರಿ ಹುಡುಕಿದ್ದಳು. ಹಣ್ಣಾದ ಹುಳು ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟಿಗೆ ಚಂದ್ರಿಕೆ ಎನ್ನುತ್ತೇವೆ. ಅದರಲ್ಲಿ ಬಿದಿರಿನ ಪಟ್ಟಿ ನಡುವಿನಿಂದ ಶುರುವಾಗಿ ಸುತ್ತುತ್ತ ಅಂಚಿಗೆ ಬರುತ್ತದೆ. ಮುರಿದ ಎರಡು ಚಂದ್ರಿಕೆಗಳನ್ನು ಅವಳು ತಮ್ಮ ಮನೆಯ ಜಗಲಿಯ ಗೋಡೆಗೆ ನೇತುಹಾಕಿದಳು, ಅವನಿಗೊಂದು, ನನಗೊಂದು. ಹೊಲಿಗೆಯಲ್ಲಿ ಉಳಿದ ಬಟ್ಟೆಯಿಂದ ಬಣ್ಣಬಣ್ಣದ ಚೂರು ಕತ್ತರಿಸಿ, ಪ್ರತಿಯೊಂದರ ಅಂಚು ಮಡಚಿ ಹೊಲಿದಳು. ಗೆಲ್ಲುವ ತಂಡದ ಚೂರು ನಡುವೆ. ಇಳಿದುಹೋಗುವ ಮೂರು ಹೊರಸುತ್ತಿನ ತುದಿಗೆ. ಮುಂದಿನ ಆಗಸ್ಟಿನ ತನಕ ಅವನ್ನು ಯಾರೂ ಮುಟ್ಟುವಂತಿಲ್ಲ.

ಅವಳು ಚಿಂತಾಮಣಿ ಕಡೆಯವಳು, ತವರಿನಲ್ಲಿ ತೆಲುಗು. ನಾವು ಚೂರು ಸಿಕ್ಕಿಸುವಾಗ ಬಾಗಿಲಿಗೆ ಒರಗಿ ನಿಂತು "ಒಕಟಿ, ರೆಂಡು, ಮೂಡು" ಎಂದು ಎಣಿಸುವಳು. ಎಣಿಸಿದ್ದು ಅವಳ ತಲೆಯಲ್ಲಿ ಹಾಗೇ ಕೂರುತ್ತಿತ್ತು. ಯಾವ ವರ್ಷ ಯಾರು ಯಾವ ಚೂರು ಎಲ್ಲಿಟ್ಟಿದ್ದರು ಎಂದು ಕೇಳಿದರೆ ನೋಡದೆ ಹೇಳುವಳು. ಆಟದಲ್ಲಿ ಯಾರು ಯಾರನ್ನು ಒದೆಯುತ್ತಿದ್ದಾರೆ ಎನ್ನುವುದು ಮಾತ್ರ ಅವಳಿಗೆ ಬೇಕಿರಲಿಲ್ಲ.

ಹಲವು ವರ್ಷದ ಹಿಂದೆ ನಾನು ಎಂದಿನಂತೆ ಬಿಳಿಯನ್ನು ನಡುವೆ ಇಟ್ಟಿದ್ದೆ. ಆ ವರ್ಷ ಬಿಳಿ ಇಳಿದೇಹೋಯಿತು. ಆಗಸ್ಟ್ ಬಂತು. ನನ್ನ ಮಗಳನ್ನು ಕೊಟ್ಟ ನಗರಗೆರೆಯ ಬೀಗರು ಬಂದಿದ್ದರು, ಎಲ್ಲರೂ ತಮ್ಮನ ಜಗಲಿಯಲ್ಲಿ ಕೂತಿದ್ದೆವು. ಗೋಡೆಯ ಮೇಲೆ ಹಳೆಯ ಚೂರುಗಳು ಇನ್ನೂ ಹಾಗೇ ಇದ್ದವು. ಬೀಗರು ಅದೇನೆಂದು ಕೇಳಿದರು. ತಮ್ಮನಿಗೆ ಅಷ್ಟೇ ಸಾಕಿತ್ತು.

"ನೋಡಿ ಬೀಗರೇ, ಇದು ನಮ್ಮಣ್ಣನ ಪಂಚಾಂಗ. ನಡುವೆ ಇಟ್ಟವ್ನಲ್ಲ ಬಿಳಿ, ಅದು ಈಗ ಲೀಗಲ್ಲೇ ಇಲ್ಲ! ಬಿಳಿ ಸೀರೆ ದೆವ್ವ ಹಿಡ್ದಂಗೆ ಹಿಡ್ದೈತೆ ಇವನ್ನ."

"ಒಂದ್ ವರ್ಷ ಯಾರಿಗಾದ್ರೂ ತಪ್ಪತದೆ ಬಿಡಪ್ಪ" ಎಂದರು ಬೀಗರು.

"ಒಂದ್ ವರ್ಷವಾ? ಏ, ಹೇಳೇ ಇವ್ಳೇ."

ಅವಳು ಕಾಫಿ ಲೋಟ ಕೊಡುತ್ತ ನಗುನಗುತ್ತಲೇ ಹೇಳಿದಳು. "ಹೋದ್ವರ್ಷ ಬಿಳಿ. ಅದರ ಹಿಂದಿನ್ ವರ್ಷ ಪಟ್ಟೆಯೋರು ಮುಳುಗ್ತಾರೆ ಅಂದ್ರು, ಅವರು ನಾಕನೇರು ಬಂದ್ರು. ಅದಕ್ಕೂ ಮುಂಚೆ ಹಳದಿ ಮೇಲೇ ಉಳೀತದೆ ಅಂದ್ರು, ಕಟ್ಟಕಡೇಲಿ ಹೋಯ್ತು. ಅದಕ್ಕೂ ಮುಂಚೆ…" ಹೀಗೇ ಹಿಂದಕ್ಕೆ ಹಿಂದಕ್ಕೆ ಹೋದಳು. ಒಂದೂ ಸುಳ್ಳಲ್ಲ.

ಬೀಗರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಹಂಗಾದ್ರೆ ನಮ್ ಹುಡುಗ ಒಳ್ಳೆಯೋನು ಅಂತ ಹೆಣ್ಣು ಕೊಟ್ರಲ್ಲ ಬೀಗರೇ, ಅದೂ ಇಂಥ ಅಂದಾಜಿನ ಮೇಲೇನಾ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಒಳಗೆ ಮಾತ್ರ ಏನೋ ಸುಟ್ಟಿತು. ತಮ್ಮ ಚಿಕ್ಕಂದಿನಿಂದ ಆಡಿಕೊಂಡವನು, ಅವನ ಮಾತು ತಾಕಲಿಲ್ಲ. ತಾಕಿದ್ದು ಅವಳ ನೆನಪು. ಇಷ್ಟು ವರ್ಷ ಅಲ್ಲಿ ನಿಂತು ಎಣಿಸುತ್ತಿದ್ದುದು ನನ್ನ ಸೋಲನ್ನು ಕೂಡಿಡುವುದಕ್ಕೆ ಎಂದು ನನಗೆ ಅನ್ನಿಸಿತು.

ಮಾರನೆಯ ಬೆಳಿಗ್ಗೆ ನನ್ನ ದ್ರಾಕ್ಷಿ ಚಿಗುರಿಗೆ ಹುಳದ ಔಷಧಿ ಹೊಡೆಯುವುದಿತ್ತು. ನಮ್ಮ ಕಡೆ ಒಂದು ಕ್ರಮವಿದೆ. ಔಷಧಿ ಹೊಡೆಯುವವನು ಪಕ್ಕದ ಸೊಪ್ಪಿನ ತೋಟದವನಿಗೆ ಮುಂಚೆಯೇ ಹೇಳಬೇಕು. ಅವನು ಬೇಕಾದಷ್ಟು ಸೊಪ್ಪು ಮೊದಲೇ ಕೊಯ್ದುಕೊಂಡು, ಬೇಲಿಯಂಚಿನ ಸಾಲುಗಳನ್ನು ಆಮೇಲೆ ಕೆಲವು ದಿನ ಮುಟ್ಟುವುದಿಲ್ಲ. ಗಾಳಿಯಲ್ಲಿ ತೇಲಿಬಂದ ಔಷಧಿ ಒಂದಿಷ್ಟು ಎಲೆಗೆ ತಗುಲಿದರೂ ಸಾಕು, ತಿಂದ ಹುಳು ಉಳಿಯುವುದಿಲ್ಲ. ಕೋರ್ಟಿನಲ್ಲಿ ಜಗಳವಾಡುತ್ತಿರುವವರು ಕೂಡ ಮೂರನೆಯವರ ಕೈಲಾದರೂ ಈ ಮಾತು ಹೇಳಿಕಳಿಸುತ್ತಾರೆ. ಮುಖ ನೋಡದವರೂ ಹೇಳುತ್ತಾರೆ.

ಹಿಂದಿನ ದಿನ ನಾನು ಹೇಳಲಿಲ್ಲ. ಬೆಳಿಗ್ಗೆ ತೋಟಕ್ಕೆ ಹೋಗುವಾಗ ತಮ್ಮ ಮನೆಯಲ್ಲಿರಲಿಲ್ಲ, ಬೀಗರನ್ನು ಬಸ್ಸು ಹತ್ತಿಸಲು ಶಿಡ್ಲಘಟ್ಟಕ್ಕೆ ಹೋಗಿದ್ದ. ಅವಳು ಬಾಗಿಲಲ್ಲಿ ಕಸ ಗುಡಿಸುತ್ತಿದ್ದಳು.

"ಭಾವ, ಕಾಫಿ ಕುಡ್ಕೊಂಡು ಹೋಗ್ರಿ."

"ಬೇಡಮ್ಮ."

ಅಷ್ಟೇ. ಇನ್ನೊಂದು ಮಾತು ಹೇಳಬೇಕಿತ್ತು. ನುಂಗಿಕೊಂಡು ಮುಂದೆ ಹೋದೆ. ಮರೆತೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಮರೆತಿರಲಿಲ್ಲ.

ಪಡುವಲ ಗಾಳಿ ಜೋರಾಗಿತ್ತು. ಹೊಡೆದು ಮುಗಿಸಿದ ಮೇಲೆ ತುಂತುರು ಬಿದ್ದು ವಾಸನೆಯೂ ಅಡಗಿತು. ಮಧ್ಯಾಹ್ನ ತಮ್ಮನ ಆಳುಗಳು ಬೇಲಿಯ ಪಕ್ಕದಲ್ಲೇ ಸೊಪ್ಪು ಕೊಯ್ದರು. ನಾನು ನೋಡಿದೆ. ಸಂಜೆ ಲೀಗಿನ ಮೊದಲ ಆಟ. ಆಗಿನ್ನೂ ಇಬ್ಬರೂ ನನ್ನ ಮನೆಯಲ್ಲೇ ನೋಡುತ್ತಿದ್ದೆವು. ತಮ್ಮ ಹುಳುಮನೆಯಿಂದ ನೇರವಾಗಿ ಬಂದು ನನ್ನ ಪಕ್ಕದಲ್ಲೇ ಕೂತ. ಕೈಯಲ್ಲಿ ಹಸಿಸೊಪ್ಪಿನ ವಾಸನೆ ಇನ್ನೂ ಇತ್ತು. ಈಗ ತಾನೇ ಹಾಕಿ ಬಂದಿದ್ದಾನೆ, ಈಗ ಹೇಳಿದರೂ ಓಡಿಹೋಗಿ ಸೊಪ್ಪು ತೆಗೆಯಬಹುದು ಎಂದು ನನಗೆ ಗೊತ್ತಿತ್ತು. ಅವನು ಟಿವಿಯ ಕಡೆ ಕೈ ತೋರಿಸಿ ಏನೋ ಹೇಳುತ್ತಿದ್ದ. ನಾನು ಹೂಂ ಎನ್ನುತ್ತಿದ್ದೆ. ಅಷ್ಟು ಹೊತ್ತಿಗೆ ಹುಳು ತಿಂದಿರುತ್ತವೆ ಬಿಡು ಅಂದುಕೊಂಡೆ.

ಹುಳು ನಾಲ್ಕನೆಯ ಸಲ ಪೊರೆ ಬಿಡುವ ಜ್ವರ ಕಳೆದು ಎದ್ದು, ಹಗಲೂ ರಾತ್ರಿ ತಿನ್ನುವ ಹೊತ್ತು ಅದು. ಇನ್ನು ಕೆಲವೇ ದಿನಕ್ಕೆ ಹಣ್ಣಾಗುತ್ತಿದ್ದವು. ಬೆಳಿಗ್ಗೆ ತಮ್ಮ ಕೂಗಿದ್ದು ಕೇಳಿ ಹೋದೆ. ಹುಳುಮನೆಯಲ್ಲಿ ಸೊಪ್ಪು ಮೇಯುವ ಸದ್ದೇ ಇರಲಿಲ್ಲ. ಹುಳುಗಳು ತಲೆಯೆತ್ತಿ ಅತ್ತಿತ್ತ ಆಡಿಸುತ್ತ ಹಸಿರು ನೀರು ಕಾರುತ್ತಿದ್ದವು. ಎಷ್ಟೋ ಆಗಲೇ ಕುಗ್ಗಿಹೋಗಿದ್ದವು.

"ಅಣ್ಣ, ನೀನೇನಾದ್ರೂ ಹೊಡ್ದ್ಯಾ ನಿನ್ನೆ?"

ಅವನ ಕಣ್ಣಲ್ಲಿ ನನ್ನ ಮೇಲೆ ಅನುಮಾನವೇ ಇರಲಿಲ್ಲ. ಅದಕ್ಕೇ ಸುಳ್ಳು ಸುಲಭವಾಗಿ ಬಂತು.

"ಹೇಳಿದ್ನಲ್ಲೋ, ನಿನ್ನ ಹೆಂಡ್ತಿಗೆ. ಬೆಳಿಗ್ಗೆ ಬಾಗಿಲಲ್ಲಿ."

ಅವಳು ಹಿಂದೆಯೇ ನಿಂತಿದ್ದಳು. "ನಂಗಾ ಭಾವ? ಕಾಫಿ ಕುಡ್ಕೊಂಡು ಹೋಗ್ರಿ ಅಂದೆ. ಬೇಡಮ್ಮ ಅಂದ್ರಿ. ಆಮೇಲೆ…"

"ಆಮೇಲೇ ಹೇಳಿದ್ದಮ್ಮ."

ಅವಳು ನನ್ನ ಮುಖವನ್ನೇ ನೋಡಿದಳು. ನಾನು ಸುಳ್ಳು ಹೇಳುತ್ತೇನೆ ಎನ್ನುವ ಯೋಚನೆ ಅವಳಿಗೆ ಬರಲಿಲ್ಲ. ಅದು ನನಗೆ ಕಂಡಿತು. ತನ್ನೊಳಗೇ ಹುಡುಕತೊಡಗಿದಳು.

"ಒದೆಯೋರ ಲೆಕ್ಕ ಎಲ್ಲಾ ಬಾಯಿಪಾಠ ನಿಂಗೆ" ಎಂದ ತಮ್ಮ, ಆಳುಗಳ ಎದುರಿಗೇ. "ಅನ್ನ ಕೊಡೋ ಹುಳದ ಮಾತು ಒಂದು ದಿನ ನೆನಪಲ್ಲಿ ಇಟ್ಕೊಳ್ಳಕ್ಕೆ ಆಗ್ಲಿಲ್ವೇನೇ?"

ಹುಳುವನ್ನೆಲ್ಲ ಗುಂಡಿಗೆ ಹಾಕಿ ಸುಣ್ಣ ಹರಡುವಾಗ ನಾನೂ ಕೈಹಾಕಿದೆ. ಒಳ್ಳೆಯ ಅಣ್ಣ ಎನ್ನಿಸಿಕೊಂಡೆ.

ಆಮೇಲೆ ಅವಳು ಬದಲಾದಳು. ಏನು ಹೇಳಿದರೂ ಸೆರಗಿಗೆ ಗಂಟು ಹಾಕಿಕೊಳ್ಳುವಳು. ಗ್ಯಾಸ್ ಆರಿಸಿದ್ದೇನಾ ಎಂದು ಎದ್ದುಹೋಗಿ ನೋಡುವಳು, ಮತ್ತೆ ಹೋಗಿ ನೋಡುವಳು. ಪ್ರತಿ ಆಗಸ್ಟಿನಲ್ಲೂ ಹೊಸ ತಂಡಗಳಿಗೆ ಚೂರು ಕತ್ತರಿಸಿ ಅಂಚು ಹೊಲಿದು ಕೊಟ್ಟಳು. ಆದರೆ ಎಣಿಸುವುದನ್ನು ಬಿಟ್ಟಳು. ತಮ್ಮ ಏನಾದರೂ ಹಳೆಯದು ಕೇಳಿದರೆ "ನಂಗೆ ಮರೆವು. ಭಾವನ್ನ ಕೇಳಿ, ಅವರಿಗೆ ಸರಿಯಾಗಿ ನೆನಪಿರ್ತದೆ" ಎನ್ನುವಳು. ಚುಚ್ಚಲು ಹೇಳಿದ್ದಲ್ಲ. ಚುಚ್ಚಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ಅವಳಿಗೆ ಒಂದು ಮಾತು ಹೇಳಲು ನನಗೆ ಎಷ್ಟೋ ಆಗಸ್ಟುಗಳು ಸಿಕ್ಕಿದ್ದವು. ಈ ವರ್ಷ ಯುಗಾದಿಗೆ ಮುಂಚೆ ಅವಳಿಗೆ ಎದೆನೋವು ಬಂದು ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ಸೇರಿಸಿದರು. ನಾನು ಹೋಗಿ ಮಂಚದ ಪಕ್ಕ ನಿಂತೆ. ವಾರ್ಡಿನ ತುಂಬ ಜನ. ನಾಳೆ ಹೇಳಿದರಾಯಿತು ಅಂದುಕೊಂಡು ಎಳನೀರು ಇಟ್ಟು ಬಂದೆ. ಅವಳಿಗೆ ಆ ನಾಳೆ ಬರಲಿಲ್ಲ.

ಹೋದ ವಾರ ತಮ್ಮ ಜಗಲಿಯಿಂದ ಕೂಗಿದ. "ಬಾರಣ್ಣ, ಇಡಣ." ಹೋದೆ. ಎರಡು ಚಂದ್ರಿಕೆಯನ್ನೂ ಇಳಿಸಿ, ಹಳೆಯ ಚೂರು ಕಿತ್ತು ಗುಡ್ಡೆ ಹಾಕಿದ್ದ. ಮೇಲೆ ಬಂದ ಮೂರು ತಂಡಗಳಲ್ಲಿ ಬಿಳಿಯೂ ಒಂದು. ಅದರ ಚೂರು ಮೊದಲಿನದೇ ಇತ್ತು. ಉಳಿದ ಎರಡಕ್ಕೆ ಅವನೇ ಕತ್ತರಿ ಹಿಡಿದಿದ್ದ. ಸೊಟ್ಟಸೊಟ್ಟಾಗಿ ಕತ್ತರಿಸಿದ್ದ, ಅಂಚು ಹೊಲಿದಿರಲಿಲ್ಲ.

"ನಂಗೆ ಬರಲ್ಲಪ್ಪ ಇದು" ಎಂದ. ಕತ್ತರಿ ಕೆಳಗಿಟ್ಟು ಹೇಳಿದ. "ಆಸ್ಪತ್ರೇಲಿ ಕೊನೇ ದಿನ ಏನ್ ಕೇಳಿದ್ಲು ಗೊತ್ತಾ ಅಣ್ಣ? ಅವತ್ತು ಭಾವ ಔಷಧಿ ಮಾತು ಹೇಳ್ದಾಗ ಎಲ್ಲಿ ನಿಂತಿದ್ರು, ಮೆಟ್ಲ ಮೇಲಾ, ಬೀದೀಲಾ ಅಂತ. ಅದೊಂದು ನೆನಪಾದ್ರೆ ಉಳಿದಿದ್ದೂ ನೆನಪಾಗ್ತದೆ ಅಂತಿದ್ಲು. ಇನ್ನೂ ಅದ್ನೇ ಹುಡುಕ್ತಿದ್ಲು ನೋಡು, ಹುಚ್ಚಿ."

ನನ್ನ ಕೈಯಲ್ಲಿ ಬಿಳಿ ಚೂರಿತ್ತು. "ಎಲ್ಲೂ ನಿಂತಿರ್ಲಿಲ್ಲ ಕಣೋ" ಎಂದೆ. "ನಾನು ಹೇಳೇ ಇರ್ಲಿಲ್ಲ."

ಅವನಿಗೆ ಅರ್ಥವಾಗಲಿಲ್ಲ. ಇನ್ನೊಮ್ಮೆ ಹೇಳಿದೆ. ಬೀಗರ ಮುಂದೆ ನಕ್ಕಿದ್ದು, ನನಗೆ ಉರಿದದ್ದು, ಕಾಫಿ ಬೇಡ ಎಂದದ್ದು, ಎಲ್ಲಾ ಹೇಳಿದೆ. ಅವನು ಒಂದೇ ಒಂದು ಕೇಳಿದ.

"ಅವತ್ತು ಸಂಜೆ ಮ್ಯಾಚ್ ನೋಡಕ್ಕೆ ನಾನು ಬಂದು ಕೂತಾಗ್ಲೂ ಗೊತ್ತಿತ್ತಾ ನಿಂಗೆ?"

"ಗೊತ್ತಿತ್ತು."

ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ತನ್ನ ಚಂದ್ರಿಕೆಯನ್ನು ಮೊಳೆಗೆ ಖಾಲಿಯಾಗಿಯೇ ನೇತುಹಾಕಿ ಒಳಗೆ ಹೋದ. ಮಾರನೆಯ ಬೆಳಿಗ್ಗೆ ನನ್ನ ಚಂದ್ರಿಕೆ ನನ್ನ ಬಾಗಿಲಿಗೆ ಒರಗಿಸಿತ್ತು, ಚೂರುಗಳೆಲ್ಲ ಒಂದು ಚೀಲದಲ್ಲಿ. ನಗರಗೆರೆಗೆ ಫೋನ್ ಮಾಡಿ ಬೀಗರಿಗೂ ನಿಜ ಹೇಳಿದೆ. ಅವತ್ತು ಅವರೊಬ್ಬರೇ ಹೊರಗಿನವರಾಗಿ ಅವಳ ನೆನಪನ್ನು ಕಿವಿಯಾರೆ ಕೇಳಿದ್ದವರು. ಅವರು ಪೂರ್ತಿ ಕೇಳಿಕೊಂಡು ಫೋನ್ ಇಟ್ಟರು.

ಇವತ್ತು ಚಂದ್ರಿಕೆಯನ್ನು ತೊಡೆಯ ಮೇಲಿಟ್ಟುಕೊಂಡು ಒಬ್ಬನೇ ಸಿಕ್ಕಿಸಿದೆ. ನಡುವೆ ದೊಡ್ಡ ಕೆಂಪು, ಅವರ ಹಿಂದಿನ ಸಾಲು ಗಟ್ಟಿಯಿದೆ, ಗೋಲು ಕಾಯುವವನು ಅವಸರದವನಲ್ಲ. ಆಮೇಲೆ ತಿಳಿನೀಲಿ. ಅವರ ನಡುಸಾಲಿನ ಹಳೆಯ ಆಟಗಾರ ಬಿಟ್ಟುಹೋಗಿದ್ದಾನೆ, ಆ ಜಾಗ ತುಂಬಲು ಒಂದು ವರ್ಷ ಬೇಕು. ಪಟ್ಟೆಯವರು ನಾಲ್ಕನೆಯ ಜಾಗಕ್ಕೆ. ಅಂಚು ಹೊಲಿಯದ ಚೂರಿನ ಎರಡು ಹೊಸ ತಂಡ ಇಳಿಯುತ್ತವೆ, ಅವುಗಳ ಜೊತೆ ಹಳದಿ. ಬಿಳಿಯನ್ನು ಮೊದಲ ಸಲ ನಡುವಿನಿಂದ ದೂರ ಇಟ್ಟೆ. ಹೊರಸುತ್ತಿನಲ್ಲಿ, ಇಳಿಯುವ ಮೂರರ ಒಳಗಡೆ ಪಕ್ಕದಲ್ಲೇ. ಕಷ್ಟಪಟ್ಟು ಉಳಿಯುತ್ತದೆ. ಆ ಚೂರು ಅವಳೇ ಹೊಲಿದದ್ದು, ಇಷ್ಟು ವರ್ಷವಾದರೂ ಒಂದು ನೂಲು ಬಿಟ್ಟಿಲ್ಲ. ಸಿಕ್ಕಿಸುವಾಗ ತೆಲುಗಿನಲ್ಲಿ ಎಣಿಸಿದೆ. ಹದಿಮೂರಾದ ಮೇಲೆ ತಪ್ಪಿತು. ಮತ್ತೆ ಒಕಟಿಯಿಂದ ಶುರು ಮಾಡಿದೆ.

ನಮ್ಮಿಬ್ಬರ ಮನೆಗೂ ನಡುವೆ ಒಂದೇ ಗೋಡೆ. ಅವನದು ಕೇಬಲ್ ಟಿವಿ, ನನ್ನದು ಡಿಶ್. ನನ್ನದರಲ್ಲಿ ಆಟ ಒಂದು ಗಳಿಗೆ ತಡವಾಗಿ ಬರುತ್ತದೆ. ನಾನು ನೋಡುವ ಮೊದಲೇ ಗೋಡೆಯಾಚೆ ಅವನು "ಗೋಲ್ ಕಣಣ್ಣೋ" ಎಂದು ಕೂಗಿರುತ್ತಾನೆ. ಆಟದ ರುಚಿ ಕೆಡಿಸುತ್ತಾನೆ ಎಂದು ನಾನು ಎಷ್ಟೋ ಸಲ ಬೈದದ್ದುಂಟು.

ಇಪ್ಪತ್ತು ತಂಡಕ್ಕೂ ಜಾಗ ಕೊಟ್ಟಿದ್ದೇನೆ. ಶನಿವಾರ ಅವನು ಟಿವಿ ಹಾಕುತ್ತಾನೋ ಇಲ್ಲವೋ, ಅದನ್ನು ಹೇಳಲಾರೆ. ನನ್ನ ಟಿವಿಯ ಸದ್ದನ್ನು ಪೂರ್ತಿ ಇಳಿಸಿಕೊಂಡು ಗೋಡೆಯ ಪಕ್ಕದಲ್ಲಿ ಕೂರುತ್ತೇನೆ.