ಅರ್ಧ ಬೆರಳಗಲದ ಅಂಚು

ನನ್ನ ತಮ್ಮನಿಗೆ ಅಂಚು ಸೊಟ್ಟಗಿದ್ದರೆ ಆಗಿಬರುವುದಿಲ್ಲ. ಪುಸ್ತಕದ ಬೈಂಡಿಂಗ್ ನಮ್ಮ ಕಸುಬು. ಹಾಳೆ ಮಡಿಸಿ ಹೊಲಿಯುವುದು ನನ್ನ ಪಾಲು. ಅಂಟು ಹಚ್ಚಿ, ರಟ್ಟು ಕಟ್ಟಿ, ಮೂರೂ ಕಡೆ ಅಂಚು ಕತ್ತರಿಸುವುದು ಅವನ ಪಾಲು. ಇಪ್ಪತ್ತಾರು ವರ್ಷದಿಂದ ಒಂದೇ ಕೋಣೆಯಲ್ಲಿ ಬೆನ್ನಿಗೆ ಬೆನ್ನು ಹಾಕಿ ಕೂತು ದುಡಿದಿದ್ದೇವೆ. ಯಂತ್ರದ ಬ್ಲೇಡು ಇಳಿದು ಕಾಗದದ ಎಳೆಗಳು ಉದುರಿದಾಗ ಅವನ ಮುಖದಲ್ಲಿ ಕಾಣುವ ಸಮಾಧಾನ ಹೊಟ್ಟೆ ತುಂಬ ಉಂಡಾಗಲೂ ಕಾಣುವುದಿಲ್ಲ. ಕರೆಂಟ್ ಬಿಲ್ಲಿನ ಅಂಚನ್ನೂ ಬಿಟ್ಟವನಲ್ಲ, ಪುಣ್ಯಾತ್ಮ. ಒಮ್ಮೆ ನನ್ನ ಔಷಧಿ ಚೀಟಿಯನ್ನು ಡಾಕ್ಟರ ಸಹಿ ಸಮೇತ ಕತ್ತರಿಸಿ ಕೈಗಿಟ್ಟಿದ್ದ.

ಅವನ ಮಗಳನ್ನು ನಾವು ಇಲಿಮರಿ ಎನ್ನುತ್ತೇವೆ. ಅವಳಿಗೆ ಮೂರು ತುಂಬುವಷ್ಟರಲ್ಲಿ ತಾಯಿ ತೀರಿಕೊಂಡಳು. ಕಾಗದದ ರಾಶಿಯ ನಡುವೆಯೇ ಬೆಳೆದ ಮಗು ಬೈಂಡಿಂಗಿಗೆ ಬಂದದ್ದನ್ನೆಲ್ಲ ಓದುತ್ತಿತ್ತು. ಮುಗಿಸುವ ಮೊದಲೇ ಗಿರಾಕಿ ಬಂದು ಪುಸ್ತಕ ಒಯ್ಯುತ್ತಿದ್ದ. "ನನ್ ತಲೇಲಿರೋ ಯಾವ ಕತೆಗೂ ಕೊನೇನೇ ಇಲ್ಲ ಅತ್ತೆ," ಎಂದು ಮುಖ ಸಣ್ಣ ಮಾಡುತ್ತಿದ್ದಳು. ಆಮೇಲೆ ಅದು ಹೇಗೋ ಲೆಕ್ಕದ ಹುಚ್ಚು ಹಿಡಿಯಿತು. ಲೆಕ್ಕಕ್ಕಾದರೆ ಕೊನೆಯನ್ನು ತಾನೇ ಕಂಡುಕೊಳ್ಳಬಹುದಂತೆ.

ಅವಳು ಅರ್ಜಿ ಹಾಕಿದ್ದು ಸರ್ಕಾರಿ ವಿಶ್ವವಿದ್ಯಾಲಯಕ್ಕೆ ಮಾತ್ರ. ಬೇರೆ ಕಾಲೇಜಿನ ಗೇಟಿನೊಳಗೆ ಕಾಲಿಡುವ ತಾಕತ್ತು ನಮಗಿರಲಿಲ್ಲ. ಗಣಿತಕ್ಕೆ ನಲವತ್ತು ಸೀಟು. ಪಟ್ಟಿಯಲ್ಲಿ ಇವಳದು ನಲವತ್ತನೆಯ ಹೆಸರು. ಶುಕ್ರವಾರ ಸಂಜೆ ಐದರೊಳಗೆ ಮೂಲ ಕಾಗದಪತ್ರ ತೋರಿಸಿ ಸೇರಿಕೊಳ್ಳಬೇಕು, ತಪ್ಪಿದರೆ ಸೀಟು ನಲವತ್ತೊಂದನೆಯವರಿಗೆ.

ಹಿಂದಿನ ಸಂಜೆ ತಮ್ಮ ನಮಗ್ಯಾರಿಗೂ ಹೇಳದೆ ಅವಳ ಅಂಕಪಟ್ಟಿ, ಜನನ ಪತ್ರ, ಶಾಲೆ ಬಿಟ್ಟ ಪತ್ರ ಎಲ್ಲವನ್ನೂ ಸೇರಿಸಿ ಹೊಲಿದು, ನೀಲಿ ಬಟ್ಟೆಯ ರಟ್ಟು ಹಾಕಿ ಪುಸ್ತಕ ಮಾಡಿದ. ಬೆಳಿಗ್ಗೆ ಅವಳ ಕೈಗಿಟ್ಟು, "ಹರ್ಕಲು ಫೈಲು ಹಿಡ್ಕೊಂಡು ಹೋಗ್ಬೇಡ, ನೀನು ಬೈಂಡರ್ ಮಗಳು," ಅಂದ. ಅವಳು ಕುಣಿದಾಡಿಬಿಟ್ಟಳು. ನನಗೂ ಕಣ್ಣು ತುಂಬಿತು. ಅಂಚುಗಳನ್ನು ಕನ್ನಡಿಯ ಹಾಗೆ ಕತ್ತರಿಸಿದ್ದ. ಅಯ್ಯೋ, ಆಗಲಾದರೂ ನನಗೆ ಬುದ್ಧಿ ಬೇಡವೇ?

ಮೂವರೂ ವಿಶ್ವವಿದ್ಯಾಲಯಕ್ಕೆ ಹೋದೆವು. ಕೌಂಟರಿನ ಗುಮಾಸ್ತ ಪುಸ್ತಕ ನೋಡಿ ಮೊದಲು ನಕ್ಕ. "ಏನಮ್ಮ, ಆತ್ಮಕತೆ ತಂದಿದೀಯಾ?" ಎಂದು ಅಂಕಪಟ್ಟಿಯ ಪುಟ ತೆರೆದು ನಂಬರ್ ಓದುವ ಯಂತ್ರದ ಕೆಳಗೆ ಹಿಡಿದ. ಯಂತ್ರ ಸುಮ್ಮನಿತ್ತು. ಮತ್ತೆ ಹಿಡಿದ. ಆಮೇಲೆ ಹಾಳೆಯ ಬುಡವನ್ನು ಕಣ್ಣ ಹತ್ತಿರ ತಂದು, "ನಂಬರ್ ಎಲ್ರೀ? ಇಲ್ಲಿ ಪೂರ್ತಿ ನಂಬರ್ ಇರ್ಬೇಕಿತ್ತು," ಅಂದ.

ನಾನು ಬಗ್ಗಿ ನೋಡಿದೆ. ಅಂಕಪಟ್ಟಿಯ ಕೆಳಗಂಚಿನಲ್ಲಿ ಸಣ್ಣದಾಗಿ ಮುದ್ರಿಸಿದ್ದ ಸಂಖ್ಯೆ, ಅದರ ಪಕ್ಕದ ಕಪ್ಪು ಗೆರೆಗಳು, ಎರಡರ ಕೆಳಭಾಗವೂ ಅರ್ಧ ಬೆರಳಗಲದ ಎಳೆಯಾಗಿ ನಮ್ಮ ಕೋಣೆಯ ಕಸದ ಚೀಲ ಸೇರಿತ್ತು.

"ಕತ್ರಿಸ್ದೆ ಸ್ವಾಮಿ," ಅಂದ ತಮ್ಮ. "ಹಾಳೆಗಳು ಉದ್ದಗಿಡ್ಡ ಇದ್ವು. ಸಮ ಮಾಡಕ್ಕೆ ಕತ್ರಿಸ್ದೆ."

"ಸಮ ಮಾಡಕ್ಕಾ? ಇದು ದಾಖಲೆ ಕಣ್ರೀ! ನಂಬರಿಲ್ದೆ ನಾನು ಸೇರಿಸ್ಕೊಳಲ್ಲ. ಐದು ಗಂಟೆಗೆ ಮುಂದಿನ ಹೆಸರು ಕೂಗ್ತೀನಿ."

ಆ ಮುಂದಿನ ಹೆಸರಿನ ಹುಡುಗಿ ತಾಯಿಯ ಜೊತೆ ಬೆಂಚಿನ ಮೇಲೆ ಕೂತಿದ್ದಳು. ತಾಯಿ ಮಗಳು ಒಬ್ಬರ ಕೈ ಒಬ್ಬರು ಹಿಡಿದುಕೊಂಡರು. ಅವರನ್ನು ಬಯ್ಯಲೂ ಮನಸ್ಸಾಗಲಿಲ್ಲ.

ಇಲಿಮರಿ ಅಪ್ಪನ ಕಡೆ ತಿರುಗಿದಳು. ಸಾಲಿನಲ್ಲಿದ್ದವರೆಲ್ಲ ನೋಡುತ್ತಿದ್ದಂತೆಯೇ ಕಿರುಚಿದಳು: "ನಿನ್ ಕೈ ಸುಮ್ನೆ ಇರಲ್ವಾ? ನನ್ ಬದುಕನ್ನೂ ಕತ್ರಿಸ್ಬೇಕಿತ್ತಾ? ಇನ್ಮೇಲೆ ನನ್ನ ಮಾತಾಡಿಸ್ಬೇಡ, ಹೋಗು!"

ಅವನು ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡ. ನಾನು ರಟ್ಟೆ ಹಿಡಿದು ಎಳೆದೆ. "ಅಳೋದೆಲ್ಲ ಆಮೇಲೆ, ಓಡು!"

ಇಲಿಮರಿ ಪುಸ್ತಕ ಹಿಡಿದು ಕೌಂಟರಿನ ಬಳಿಯೇ ಉಳಿದಳು. ಬಸ್ಸಿನಲ್ಲಿ ಒಂದು ಗಂಟೆ ದಾರಿ. ಕೋಣೆಗೆ ಬಂದು ಎರಡು ಚೀಲ ಸುರಿದೆವು. ಒಂದು ವಾರದ ಕತ್ತರಿಕೆ. ಮೊಣಕಾಲೆತ್ತರ ಬಿಳಿ ಎಳೆ. ಅಂಕಪಟ್ಟಿಯ ಕಾಗದ ತುಸು ಹಸಿರು, ತುಸು ದಪ್ಪ, ಅದೊಂದೇ ಗುರುತು. ಅವನು ನೆಲದ ಮೇಲೆ ಮಂಡಿಯೂರಿ ಒಂದೊಂದನ್ನೇ ಬೆರಳಲ್ಲಿ ಸವರಿ ನೋಡುತ್ತಿದ್ದ. ನಾನು ಬಾಯಿಗೆ ಬಂದದ್ದೆಲ್ಲ ಬೈದೆ. ಮೂರೂ ಮುಕ್ಕಾಲರ ಹೊತ್ತಿಗೆ ಹಸಿರು ಎಳೆ ಸಿಕ್ಕಿತು. ಬ್ಲೇಡು ಸಂಖ್ಯೆಯ ನಡುವೆಯೇ ಹಾದುಹೋಗಿತ್ತು: ಅಂಕಿಗಳ ತಲೆ ಪುಸ್ತಕದಲ್ಲಿ, ಕಾಲು ಈ ಎಳೆಯಲ್ಲಿ.

ಐದಕ್ಕೆ ಹತ್ತು ನಿಮಿಷವಿದ್ದಾಗ ಏದುಸಿರು ಬಿಡುತ್ತ ಕೌಂಟರಿಗೆ ಬಿದ್ದೆವು. ಗುಮಾಸ್ತ ಮೇಲಧಿಕಾರಿಯನ್ನು ಕರೆದ. ಆಯಮ್ಮ ಎಳೆಯನ್ನು ಹಾಳೆಗೆ ಜೋಡಿಸಿ ನೋಡಿದರು. ಅಂಕಿ ಹೊಂದಿತು, ಆದರೂ ಯಂತ್ರ ಓದಲಿಲ್ಲ.

"ಇದನ್ನ ನಾನು ಒಪ್ಪೋ ಹಾಗಿಲ್ಲ," ಅಂದರು. "ಆದ್ರೆ ತಳ್ಳಿಹಾಕೋದೂ ಇಲ್ಲ. ತಾತ್ಕಾಲಿಕ ಅಂತ ಸೇರಿಸ್ಕೋತೀನಿ. ಮೂವತ್ತು ದಿನದೊಳಗೆ ಪರೀಕ್ಷಾ ಮಂಡಳಿಯಿಂದ ಹೊಸ ಪ್ರತಿ ತನ್ನಿ. ಇಲ್ಲಾಂದ್ರೆ ಸೀಟು ಆ ಮಗೂಗೆ."

ಬೆಂಚಿನ ಮೇಲಿದ್ದ ಹುಡುಗಿ ಎದ್ದು ಕಣ್ಣೊರೆಸಿಕೊಂಡು ಹೋದಳು.

ಆಮೇಲಿನ ದಿನಗಳು ಯಾರಿಗೂ ಬೇಡ. ತಮ್ಮ ಬೈಂಡಿಂಗ್ ಕೋಣೆಯತ್ತ ಸುಳಿಯಲಿಲ್ಲ. ದಿನಾ ಬೆಳಿಗ್ಗೆ ಮಂಡಳಿಯ ಕಚೇರಿಗೆ ಹೋಗಿ ಬಾಗಿಲ ಪಕ್ಕ ಕೂರುತ್ತಿದ್ದ. "ಫೈಲು ಮೇಜಿನ ಮೇಲಿದೆ, ನಾಳೆ ಬನ್ನಿ" ಎನ್ನುವರು. ನಾಳೆ ಹೋದರೆ ಮೇಜಿನವರು ರಜೆ. ಕಚೇರಿ ಮುಚ್ಚುವವರೆಗೂ ಕೂತು, ಬರಿಗೈಲಿ ಮನೆಗೆ ಬಂದು, ತಟ್ಟೆಯ ಮುಂದೆ ತುತ್ತೆತ್ತದೆ ಕೂರುತ್ತಿದ್ದ. "ಅಕ್ಕ, ಕೈ ಕತ್ರಿಸ್ಕೊಂಡಿದ್ರೆ ಚೆನ್ನಾಗಿತ್ತು," ಅಂದ ಒಂದು ದಿನ. ನನಗೆ ಸಿಟ್ಟು ನೆತ್ತಿಗೇರಿತು. "ಬಿಡ್ತು ಅನ್ನು! ಆಮೇಲೆ ಆ ಕೈಗೂ ಅಂಚು ಸಮ ಮಾಡ್ತಾ ಕೂರ್ತೀಯಾ?" ಎಂದೆ. ಅವನು ನಗಲಿಲ್ಲ. ಒಳಗೆ ಹೋಗಿ ನಾನೂ ಅತ್ತೆ.

ಭಾನುವಾರ ಹಾಸ್ಟೆಲಿಗೆ ನಾನೊಬ್ಬಳೇ ಹೋಗುತ್ತಿದ್ದೆ. ತಾತ್ಕಾಲಿಕದವಳೆಂದು ಇಲಿಮರಿಗೆ ಕೋಣೆ ಕೊಟ್ಟಿರಲಿಲ್ಲ. ಮೂರನೇ ಮಹಡಿಯ ಕಾರಿಡಾರಿನ ಕೊನೆಯಲ್ಲಿ, ನೀರಿನ ಡ್ರಮ್ಮಿನ ಪಕ್ಕ ಒಂದು ಮಂಚ, ಬೀರುವಿಲ್ಲ, ಬೀಗವಿಲ್ಲ. ಪೆಟ್ಟಿಗೆಯಿಂದ ಬಟ್ಟೆಯನ್ನೂ ಹೊರತೆಗೆದಿರಲಿಲ್ಲ.

"ತೆಗೆದಿಟ್ರೆ ಮತ್ತೆ ಮಡಿಸ್ಬೇಕಲ್ಲ ಅತ್ತೆ. ದಿನಾ ಹಾಜರಿ ಕೂಗ್ತಾರೆ. ಮೂವತ್ತೊಂಬತ್ತು ಹೆಸರು ಕೂಗಿ ಪುಸ್ತಕ ಮುಚ್ತಾರೆ. ನಾನು ಅಲ್ಲೇ ಕೂತಿರ್ತೀನಿ. ಯಾರ ಜೊತೆ ಸ್ನೇಹ ಮಾಡಕ್ಕೂ ಭಯ. ನಾಳೆ ನಾನಿರ್ತೀನೋ ಇಲ್ವೋ."

"ಅಪ್ಪನ್ನ ಕರ್ಕೊಂಡು ಬರ್ಲೇನೇ?"

"ಬೇಡ." ಅವಳು ಗೋಡೆಯ ಕಡೆ ತಿರುಗಿದಳು. ಆ ಹಟ ಅವಳಿಗೆ ಎಲ್ಲಿಂದ ಬಂತೆಂದು ನನಗೆ ಗೊತ್ತು, ಬಿಡಿ.

ಇಪ್ಪತ್ತೊಂಬತ್ತನೆಯ ದಿನ ಸಂಜೆ ಮಂಡಳಿಯವರು ಹೊಸ ಪ್ರತಿ ಕೊಟ್ಟರು. ಬಾಗಿಲಲ್ಲಿ ಇವನ ಮುಖ ನೋಡಿ ನೋಡಿ ಅವರಿಗೇ ಸಾಕಾಗಿತ್ತೋ ಏನೋ. ಮೂವತ್ತನೆಯ ದಿನ ಬೆಳಿಗ್ಗೆ ಬಾಗಿಲು ತೆರೆಯುವ ಮೊದಲೇ ನಾವು ಕೌಂಟರಿನ ಮುಂದೆ. ತಮ್ಮ ಪ್ರತಿಯನ್ನು ಎರಡು ರಟ್ಟಿನ ನಡುವೆ ಇಟ್ಟು, ಎಳೆಮಗುವನ್ನು ಎತ್ತಿಕೊಂಡಂತೆ ಎದೆಗವಚಿಕೊಂಡಿದ್ದ. ಯಂತ್ರ ಕೀಂ ಎಂದಿತು. ಗುಮಾಸ್ತ ಒಂದು ಚೀಟಿ ಬರೆದು, "ಹೋಗಿ, ಕ್ಲಾಸಲ್ಲಿ ಮೇಷ್ಟ್ರಿಗೆ ಕೊಡಿ, ಇವತ್ತೇ ಹೆಸರು ಸೇರಿಸ್ತಾರೆ," ಅಂದ.

ತರಗತಿಯ ಬಾಗಿಲಲ್ಲಿ ನಾನು ಚೀಟಿ ಕೊಟ್ಟೆ. ತಿಂಗಳಿಂದ ಮಾತು ಬಿಟ್ಟಿದ್ದ ಮಗಳ ಕಣ್ಣಿಗೆ ಬೀಳಬಾರದೆಂದು ತಮ್ಮ ಗೋಡೆಗೆ ಅಂಟಿಕೊಂಡು ನಿಂತ. ಮೇಷ್ಟ್ರು ಚೀಟಿ ಓದಿ, ಪುಸ್ತಕದಲ್ಲಿ ಏನೋ ಬರೆದುಕೊಂಡು, ಹಾಜರಿ ಶುರು ಮಾಡಿದರು. ಒಂದು, ಎರಡು, ಹತ್ತು, ಇಪ್ಪತ್ತು. ಪ್ರತಿ ಹೆಸರಿಗೂ ತಮ್ಮನ ತುಟಿ ಅಲುಗುತ್ತಿತ್ತು. ಮೂವತ್ತೊಂಬತ್ತಾಯಿತು. ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ನಲವತ್ತನೆಯ ಹೆಸರು ಕೂಗಿದರು.

ಒಳಗೆ ಸದ್ದಿಲ್ಲ. ಹುಡುಗಿಗೆ ಬಾಯಿ ಕಟ್ಟಿಹೋಗಿತ್ತೇನೋ. ಮೇಷ್ಟ್ರು ಗೈರು ಹಾಕಲು ಪೆನ್ನೆತ್ತಿದರು.

"ಇದಾಳೆ ಸಾರ್!" ಕಾರಿಡಾರೆಲ್ಲ ನಡುಗುವಂತೆ ತಮ್ಮ ಕೂಗಿಬಿಟ್ಟ. "ಇದಾಳೆ, ಇದಾಳೆ! ತಪ್ಪು ಅವಳ್ದಲ್ಲ ಸಾರ್, ಕತ್ರಿಸ್ಬೇಡಿ!"

ತರಗತಿ ಗೊಳ್ಳೆಂದು ನಕ್ಕಿತು. ಆ ನಗುವಿನ ನಡುವೆಯೇ ಒಳಗಿನಿಂದ, ಅಳುವಿನಲ್ಲಿ ಬಿರಿದ ದನಿಯೊಂದು ಬಂತು: "ಅಪ್ಪಾ, ಸುಮ್ನಿರಪ್ಪ! ಇದೀನಿ ಸಾರ್."

ತಮ್ಮ ನನ್ನ ತೋಳು ಹಿಡಿದುಕೊಂಡ. ಕಣ್ಣಿಂದ ನೀರು ದಳದಳ ಇಳಿಯುತ್ತಿತ್ತು.

"ಬೈದ್ಲು ಅಕ್ಕ," ಅಂದ. "ಕೇಳಿಸ್ತಾ? ನನ್ನನ್ನೇ ಬೈದ್ಲು."