ನೆಲಕ್ಕೆ ಇಳಿಸಿದ ಮಧ್ಯಾಹ್ನ

ದೆವ್ವ, ಗಾಳಿ, ಮೈಮೇಲೆ ಬರುವುದು, ಸತ್ತವರು ಕನಸಿಗೆ ಬಂದು ಮಾತಾಡುವುದು, ಇದಾವುದನ್ನೂ ನಾನು ನಂಬಿದವಳಲ್ಲ. ನಂಬುವವರನ್ನು ಕಂಡರೆ ಬಾಯಿಗೆ ಸೆರಗು ಅಡ್ಡ ಹಿಡಿದು ನಗುವವಳು. ಬೆಂಗಳೂರಿನ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಕಲಿಯುವಾಗ ಎಷ್ಟೋ ಹೆಣಗಳಿಗೆ ನಾನೇ ಮೈ ಒರೆಸಿ ಬಟ್ಟೆ ಸುತ್ತಿದ್ದೆ. ಅವುಗಳಲ್ಲಿ ಒಂದಾದರೂ ಎದ್ದುಬಂದು ನನ್ನನ್ನು ಮಾತಾಡಿಸಿರಲಿಲ್ಲ.

ಇಂಥದ್ದನ್ನು ಹೇಳುವವರು ಸಾಮಾನ್ಯವಾಗಿ ಅಮಾವಾಸ್ಯೆ ರಾತ್ರಿಯಿಂದ ಶುರು ಮಾಡುತ್ತಾರೆ. ನನಗೆ ಆ ಅನುಕೂಲವಿಲ್ಲ. ನಾನು ಹೇಳಹೊರಟಿರುವುದು ಹಾಡಹಗಲಿನಲ್ಲಿ, ಏಳೆಂಟು ಜನರ ಕಣ್ಣೆದುರಿಗೆ ನಡೆದದ್ದು. ರಾತ್ರಿಯದಾಗಿದ್ದರೆ ಕತ್ತಲೆಯ ಮೇಲೆ ತಪ್ಪು ಹೊರಿಸಿ ಎಂದೋ ಮರೆತುಬಿಡುತ್ತಿದ್ದೆನೇನೋ.

ಯುದ್ಧ ನಡೆಯುತ್ತಿದ್ದ ಕಾಲ. ದೊಡ್ಡಬಳ್ಳಾಪುರದ ಒಂದು ಸಣ್ಣ ಆಸ್ಪತ್ರೆಗೆ ನನ್ನನ್ನು ಕಳಿಸಿದ್ದರು. ಅಲ್ಲಿದ್ದದ್ದು ಆರು ಹಾಸಿಗೆ. ಕಾಹಿಲೆಯವರು ಮಾತ್ರ ಸುತ್ತಲ ಹಳ್ಳಿಗಳ ತುಂಬ. ಹಾಸಿಗೆ ಹಿಡಿದ ಮುದುಕರನ್ನೂ ಕೈಕಾಲು ಬಿದ್ದವರನ್ನೂ ಅವರವರ ಮನೆಯಲ್ಲೇ ನೋಡಿಕೊಳ್ಳುವುದಕ್ಕೆ ಒಂದಷ್ಟು ಹೆಂಗಸರನ್ನು ತಯಾರು ಮಾಡಿ ಎಂದು ಡಾಕ್ಟರು ನನಗೆ ಒಪ್ಪಿಸಿದರು. ಎಂಟು ಜನ ಸಿಕ್ಕಿದರು. ಹೆಚ್ಚಿನವರು ಗಂಡ ಸತ್ತವರು, ನೇಯ್ಗೆ ಮನೆಗಳವರು. ನೂಲು ಸಿಗದೆ ಮಗ್ಗಗಳು ನಿಂತಿದ್ದವು, ಇಲ್ಲದಿದ್ದರೆ ಅವರು ನನ್ನ ಕೈಗೆ ಸಿಗುತ್ತಲೇ ಇರಲಿಲ್ಲ. ಆಸ್ಪತ್ರೆಯ ಹಿಂದೆ ಹಾಗೆ ಮುಚ್ಚಿಹೋಗಿದ್ದ ಒಂದು ಮಗ್ಗದ ಮನೆಯೇ ನಮ್ಮ ತರಗತಿ. ಮಗ್ಗದ ಗುಂಡಿಯ ಮೇಲೆ ಹಲಗೆ ಹಾಸಿ, ಅದರ ಮೇಲೆ ಒಂದು ಹಗ್ಗದ ಮಂಚ ಹಾಕಿಕೊಂಡಿದ್ದೆವು.

ನನಗಾಗ ಇಪ್ಪತ್ತಾರು ವರ್ಷ. ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಅನ್ನುತ್ತಾರೆ; ನನ್ನಲ್ಲಿ ಆ ಲೆಕ್ಕ ತಲೆಕೆಳಗಾಗಿತ್ತು. ಆದರೂ ಪಾಠ ಮಾತ್ರ ಚೆನ್ನಾಗಿ ಮಾಡುತ್ತಿದ್ದೆ ಎಂದು ಇವತ್ತಿಗೂ ಹೇಳುತ್ತೇನೆ. ಬೆನ್ನು ಹುಣ್ಣಾಗದಂತೆ ಹೊತ್ತುಹೊತ್ತಿಗೆ ಮಗ್ಗುಲು ಬದಲಿಸುವುದು, ಮಲಗಿದಲ್ಲೇ ಮೈ ಒರೆಸುವುದು, ಎತ್ತಿ ಕೂರಿಸಿ ಗಂಜಿ ಕುಡಿಸುವುದು. ಲಕ್ವ ಹೊಡೆದವರಿಗೆ ಗಂಟಲು ಹಿಡಿತದಲ್ಲಿರುವುದಿಲ್ಲ. ಮಲಗಿಸಿಕೊಂಡು ನೀರು ಹಾಕಿದರೆ ಅದು ಹೊಟ್ಟೆಗೆ ಹೋಗದೆ ಉಸಿರಿನ ದಾರಿಗೆ ಇಳಿಯುತ್ತದೆ. ಅವರಿಗೆ ಗಟ್ಟಿ ಗಂಜಿಯೇ ಸರಿ ಎಂದು ನೂರು ಸಲ ಹೇಳಿಸಿದ್ದೆ. ಮಾತು ನಿಂತವರಿಗೆ ಕೈಯೇ ಬಾಯಿ. ಒಂದು ಸಲ ತಟ್ಟಿದರೆ ಬೇಕು, ಮೂರು ಸಲ ತಟ್ಟಿದರೆ ಬೇಡ. ಇದನ್ನೂ ಕಲಿಸಿದ್ದೆ.

ಕಲಿಯುವುದಕ್ಕೆ ಒಬ್ಬ ರೋಗಿ ಬೇಕಲ್ಲ. ಎಂಟು ಜನರಲ್ಲಿ ಹಗುರವಾಗಿದ್ದವಳು ಮುನಿಯಮ್ಮ. ದಿನವೂ ಅವಳೇ ಮಂಚದ ಮೇಲೆ ರೋಗಿಯಾಗಿ ಮಲಗುತ್ತಿದ್ದಳು. ರೋಗಿಯಾದವಳು ಮಾತಾಡಕೂಡದು, ಎತ್ತುವವರಿಗೆ ನೆರವಾಗಕೂಡದು ಎಂದು ನನ್ನ ಕಟ್ಟಪ್ಪಣೆ. "ಪುಣ್ಯವಂತೆ ಕಣೇ ನೀನು, ಮಲಗಿದ್ದೇ ಕೆಲ್ಸ" ಎಂದು ಉಳಿದವರು ಚುಡಾಯಿಸುತ್ತಿದ್ದರು. ಒಮ್ಮೆ ಯಾರೋ ಹಾಸಿಗೆಯ ಮೇಲೆ ನೀರು ಚೆಲ್ಲಿದ್ದರಿಂದ, ಅಂದಿನಿಂದ ಖಾಲಿ ಲೋಟ, ಖಾಲಿ ಚಮಚದಲ್ಲೇ ಅಭ್ಯಾಸ. ನೀರಿನ ಮಡಕೆಯನ್ನು ಹೊರಗೆ ಜಗಲಿಗೆ ಸಾಗಿಸಿದ್ದೆ. ಇದನ್ನು ನೆನಪಿಟ್ಟುಕೊಳ್ಳಿ.

ಒಂದು ವಿಷಯದಲ್ಲಿ ನಾನು ಕಲಿತ ಪಾಠ ಅಲ್ಲಿ ನಡೆಯಲಿಲ್ಲ. ಆಸ್ಪತ್ರೆಯಲ್ಲಿ ರೋಗಿ ಮಲಗಿದ್ದಂತೆಯೇ ಅತ್ತ ಹೊರಳಿಸಿ ಇತ್ತ ಹೊರಳಿಸಿ ಹಾಸಿಗೆ ಬದಲಿಸುತ್ತೇವೆ. ಹಳ್ಳಿಯ ಹಗ್ಗದ ಮಂಚ ನಡುವೆ ಜೋತುಬಿದ್ದು ತೊಟ್ಟಿಲಾಗಿರುತ್ತದೆ. ಅದರಲ್ಲಿ ಯಾರನ್ನು ಹೊರಳಿಸುವುದು? ತಿಗಣೆ ಬೇರೆ, ಹಾಸಿಗೆಯನ್ನು ವಾರಕ್ಕೊಮ್ಮೆಯಾದರೂ ಬಿಸಿಲಿಗೆ ಹಾಕಲೇಬೇಕು. ಅದಕ್ಕೆ ನಾನೇ ಒಂದು ದಾರಿ ಹುಡುಕಿದೆ. ರೋಗಿಯನ್ನು ಜಮಖಾನದ ಸಮೇತ ಮೆಲ್ಲಗೆ ನೆಲದ ಚಾಪೆಗೆ ಇಳಿಸುವುದು, ಹಾಸಿಗೆ ಕೊಡವಿ ಬಿಸಿಲು ಕಾಯಿಸಿ ಹಾಕಿದ ಮೇಲೆ ಮತ್ತೆ ಎತ್ತುವುದು. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡಿದ್ದೆ.

ಅದನ್ನು ಮೊದಲ ಸಲ ತೋರಿಸಿದ ದಿನ ಲಕ್ಕಮ್ಮ ಕೈ ಹಾಕಲಿಲ್ಲ. ಅವಳು ಎಲ್ಲರಿಗಿಂತ ಹಿರಿಯಳು, ನಲವತ್ತೈದು ದಾಟಿದವಳು, ಕೆಲಸದಲ್ಲಿ ಎಲ್ಲರಿಗಿಂತ ಚುರುಕು.

"ನೆಲಕ್ ಇಳಿಸ್ಬಾರ್ದು ಕಣಮ್ಮ" ಅಂದಳು. "ಸಾಯೋರ್ನ ಇಳಿಸ್ತಾರೆ ನೆಲಕ್ಕೆ."

"ಇವಳೇನು ಸಾಯ್ತಾಳೇನೇ?"

"ಇವಳು ಸಾಯಲ್ಲ. ಮನೆಯವ್ರು ಏನ್ ತಿಳ್ಕಂತಾರೆ ಅಂತ ನಾನು ಯೋಳ್ತಿರೋದು."

"ನೀನು ತಿಳಿಸಿ ಹೇಳು. ಬಾಯಿಲ್ವಾ ನಿನಗೆ?" ಎಂದು ನಾನು ನಕ್ಕುಬಿಟ್ಟೆ. ಉಳಿದವರೂ ನಕ್ಕರು. ಮೂಢನಂಬಿಕೆಯ ಮೇಲೆ ಒಂದು ಪುಟ್ಟ ಭಾಷಣವನ್ನೂ ಮಾಡಿದೆ. ಲಕ್ಕಮ್ಮ ಜಮಖಾನದ ತುದಿ ಹಿಡಿದಳು.

ಮೊದಲ ಮನೆಗೆ ಹೋದವಳೂ ಅವಳೇ. ರಾಜಘಟ್ಟದ ಕೆಂಪಣ್ಣ ಎಂಬ ಬೇಸಾಯಗಾರನ ತಾಯಿ ನಂಜಮ್ಮನಿಗೆ ಲಕ್ವ ಹೊಡೆದು ಬಲಭಾಗ ಪೂರ್ತಿ ಬಿದ್ದುಹೋಗಿತ್ತು, ಮಾತೂ ನಿಂತಿತ್ತು. ಲಕ್ಕಮ್ಮ ಅಲ್ಲೇ ಇದ್ದು ನೋಡಿಕೊಂಡಳು. ತಿಂಗಳು ಕಳೆದ ಮೇಲೆ ನಾನು ಹೋಗಿ ನೋಡಿದೆ. ಬೆನ್ನಿನ ಹುಣ್ಣು ಒಣಗಿತ್ತು. ಅಜ್ಜಿಯ ಮುಖಕ್ಕೆ ಕಳೆ ಬಂದಿತ್ತು. ನಾನು ಗಂಜಿಯನ್ನು ಇನ್ನೊಂದು ಚಮಚ ಎಂದು ಒತ್ತಾಯ ಮಾಡಿದಾಗ ಆಕೆ ಎಡಗೈಯಿಂದ ಮಂಚದ ಕಟ್ಟನ್ನು ಮೂರು ಸಲ ತಟ್ಟಿ, ಅರ್ಧ ಬಾಯಲ್ಲಿ ನಕ್ಕಳು. ಲಕ್ಕಮ್ಮ ಹೆಮ್ಮೆಯಿಂದ ನನ್ನ ಮುಖ ನೋಡಿದಳು. ನನಗೆ ಕಣ್ಣು ತುಂಬಿ ಬಂತು. ಆ ಮುದುಕಿ ಇನ್ನೂ ಕೆಲವು ವರ್ಷವಾದರೂ ಇರುತ್ತಾಳೆ ಎಂದು ನಾನೇ ಕೆಂಪಣ್ಣನಿಗೆ ಭರವಸೆ ಕೊಟ್ಟುಬಂದೆ.

ಅದಾಗಿ ಹತ್ತು ದಿನಕ್ಕೆ ಈ ಸಂಗತಿ ನಡೆಯಿತು. ಮಧ್ಯಾಹ್ನ ಊಟ ಮುಗಿಸಿ, ರಾಜಘಟ್ಟದಲ್ಲಿದ್ದ ಲಕ್ಕಮ್ಮನನ್ನು ಬಿಟ್ಟು ಉಳಿದವರೆಲ್ಲ ಮಗ್ಗದ ಮನೆಯಲ್ಲಿ ಸೇರಿದ್ದೆವು. ಬೆಳಕಿಂಡಿಯಿಂದ ಬಿಸಿಲು ನೇರವಾಗಿ ಮಂಚದ ಮೇಲೇ ಬೀಳುತ್ತಿತ್ತು. ನಾಲ್ಕು ಜನ ಜಮಖಾನದ ನಾಲ್ಕು ಮೂಲೆ ಹಿಡಿದು ಮುನಿಯಮ್ಮನನ್ನು ಚಾಪೆಗೆ ಇಳಿಸಿದರು. ಚೆನ್ನಾಗಿಯೇ ಇಳಿಸಿದರು. ನಾನು ಹಾಸಿಗೆ ಮಡಿಸುವುದನ್ನು ತೋರಿಸುತ್ತಿದ್ದೆ.

ಚಾಪೆ ಬಡಿಯುವ ಸದ್ದು ಕೇಳಿತು. ತಿರುಗಿ ನೋಡಿದೆ. ಮುನಿಯಮ್ಮ ಕಣ್ಣು ಮುಚ್ಚಿಕೊಂಡು ಎಡಗೈಯಿಂದ ಚಾಪೆಯನ್ನು ಮೂರು ಸಲ ತಟ್ಟಿದಳು. ಸ್ವಲ್ಪ ಬಿಟ್ಟು ಮತ್ತೆ ಮೂರು ಸಲ. ಅಭ್ಯಾಸ ಮಾಡುತ್ತಿದ್ದಾಳೆ ಎಂದುಕೊಂಡೆ. "ಯಾರೂ ಏನೂ ಕೊಡ್ತಿಲ್ಲ, ಏನು ಬೇಡ ಅಂತೀಯೇ?" ಅಂದೆ. ಹೆಂಗಸರು ನಕ್ಕರು. ಅವಳ ಗಂಟಲಿನಲ್ಲಿ ಗೊರಗೊರ ಸದ್ದಾಯಿತು. "ಸಾಕು ಮಾಡು ಆಟ" ಎಂದು ಗದರಿದೆ. ಹೀಗೆ ಗದರುತ್ತಾ ನಾನು ಎಷ್ಟು ಹೊತ್ತು ನಿಂತಿದ್ದೆನೋ ನನಗೆ ತಿಳಿಯದು. ಹೆಚ್ಚೇನಿರಲಾರದು. ಆದರೆ ನಿಂತಿದ್ದೆ.

ಆಮೇಲೆ ಅವಳ ತುಟಿ ನೀಲಿಯಾದದ್ದು ಕಾಣಿಸಿತು. ಓಡಿ ಹೋಗಿ ಮಗ್ಗುಲಾಗಿಸಿ ಬೆನ್ನಿಗೆ ಗುದ್ದಿದೆ. ಬಾಯಿಂದ ನೀರು ಬಂತು. ಜೊಲ್ಲಲ್ಲ, ವಾಂತಿಯಲ್ಲ, ಬರೀ ನೀರು, ತಣ್ಣಗಿತ್ತು. ಒಂದು ಲೋಟಕ್ಕೆ ಕಡಿಮೆಯಿಲ್ಲದಷ್ಟು ಬಂದು ಚಾಪೆಯೂ ನನ್ನ ಸೀರೆಯೂ ನೆನೆದವು. ಮುನಿಯಮ್ಮ ಕಣ್ಣು ಬಿಡಲಿಲ್ಲ. ಅವಳ ಗಂಟಲೇ, ಆದರೆ ಬಹಳ ದಿನ ಮಾತಾಡದವರ ಹಾಗೆ ತಡವರಿಸುತ್ತಾ ಹೇಳಿದಳು:

"ಯಾಕ್ ನೀರ್ ಬಿಟ್ರೀ... ನಾನಿನ್ನೂ ಇದ್ದೀನಲ್ಲ."

ಅಷ್ಟೇ. ಆಮೇಲೆ ಕೆಮ್ಮುತ್ತಾ ಎದ್ದು ಕುಳಿತು, "ಏನಾಯ್ತಕ್ಕಾ?" ಎಂದು ನಮ್ಮನ್ನೇ ಕೇಳಿದಳು. ಜಗಲಿಯ ಮಡಕೆಯನ್ನು ನಾನೇ ಹೋಗಿ ನೋಡಿದೆ. ಮುಚ್ಚಳ ಮುಚ್ಚಿದ್ದು ಮುಚ್ಚಿದಂತೆಯೇ ಇತ್ತು. ಖಾಲಿ ಲೋಟ ಮಂಚದ ಮೇಲೆ ಒಣಗಿಕೊಂಡು ಕೂತಿತ್ತು. ಅವಳಿಗೆ ಮೂರ್ಛೆ ಬಂದಿರಬೇಕು ಎಂದು ಎಲ್ಲರಿಗೂ ಹೇಳಿ ತರಗತಿ ಮುಗಿಸಿದೆ. ನಾನೂ ಹಾಗೆಂದೇ ತಿಳಿದೆ.

ದೀಪ ಹಚ್ಚುವ ಹೊತ್ತಿಗೆ ಲಕ್ಕಮ್ಮ ಬಂದಳು. ರಾಜಘಟ್ಟದಿಂದ ನಡೆದೇ ಬಂದಿದ್ದಳು, ಕಾಲೆಲ್ಲ ಧೂಳು. ನನ್ನ ಕೋಣೆಯ ಹೊಸ್ತಿಲ ಹೊರಗೇ ಕೂತಳು. ಒಳಗೆ ಕರೆದರೂ ಬರಲಿಲ್ಲ.

"ಅಜ್ಜಿ ಹೋಯ್ತು ಕಣಮ್ಮ" ಅಂದಳು. "ಕಾಯ್ಲೆಯಿಂದ ಹೋಗಲಿಲ್ಲ."

ಅವಳು ಹೇಳಿದ್ದು ಇಷ್ಟು. ಊಟವಾದ ಮೇಲೆ ಹಾಸಿಗೆ ಬಿಸಿಲಿಗೆ ಹಾಕಬೇಕಿತ್ತು. ಮನೆಯವರೆಲ್ಲ ಹೊಲದಲ್ಲಿದ್ದರು; ವಾರವಾರವೂ ಅವಳು ಅವರಿಲ್ಲದ ಹೊತ್ತು ನೋಡಿಯೇ ಇಳಿಸಿ ಎತ್ತಿಬಿಡುತ್ತಿದ್ದಳು. ಪಕ್ಕದ ಮನೆ ಹುಡುಗಿಯ ಸಹಾಯದಿಂದ ಅಜ್ಜಿಯನ್ನು ನಾನು ಕಲಿಸಿದಂತೆಯೇ ಚಾಪೆಗೆ ಇಳಿಸಿ, ಹಾಸಿಗೆ ಹೊತ್ತು ಹಿತ್ತಿಲಿಗೆ ಹೋದಳು. ಅಷ್ಟರಲ್ಲಿ ಸೊಸೆ ಮನೆಗೆ ಬಂದಳು. ನೆಲದ ಮೇಲೆ ಅತ್ತೆಯನ್ನು ಕಂಡು ಕೂಗಿಕೊಂಡಳು. ಕೇರಿಯೇ ಸೇರಿತು. ಕೆಂಪಣ್ಣ ಹೊಲದಿಂದ ಓಡಿಬಂದ, ತುಳಸಿ ಹಾಕಿದ ಚೊಂಬು ಬಂತು. ಮಗ ಬಿಟ್ಟ, ಸೊಸೆ ಬಿಟ್ಟಳು, ನೆಂಟರು ಬಿಟ್ಟರು. ಮಲಗಿದ್ದ ಮುದುಕಿಯ ಬಾಯಿಗೆ ಒಬ್ಬೊಬ್ಬರೂ ಒಂದೊಂದು ಉದ್ಧರಣೆ ನೀರು.

"ನಾನ್ ಬ್ಯಾಡಾ ಬ್ಯಾಡಾ ಅಂತ ಬಡ್ಕೊಂಡೆ. ಅಜ್ಜೀನೂ ಚಾಪೆ ಬಡೀತು. ಯಾರು ಕೇಳ್ತಾರೆ? ಕಲ್ತೋಳು ಇವಳೇ ಇಳಿಸವ್ಳೆ, ಇವಳಿಗೆ ಗೊತ್ತಿಲ್ದೆ ಇಳಿಸ್ತಾಳಾ, ಅಂದ್ರು. ಅಳ್ತಾಳೆ ಪಾಪ, ಆ ಕಡೆ ಕರ್ಕೊಂಡೋಗಿ ಅಂದ್ರು."

ಯಾವ ಹೊತ್ತು ಎಂದು ಕೇಳಿದೆ. ಆ ಮನೆಯಲ್ಲಿ ಗಡಿಯಾರವಿರಲಿಲ್ಲ. ಬಿಸಿಲು ಅಂಗಳದಿಂದ ಜಗಲಿಗೆ ಹತ್ತುವ ಹೊತ್ತು ಎಂದಳು. ಹೆಚ್ಚುಕಡಿಮೆ ನಮ್ಮ ತರಗತಿಯ ಹೊತ್ತೇ. ನಾನು ಮುನಿಯಮ್ಮನ ಸಂಗತಿ ಹೇಳಿದೆ. ಲಕ್ಕಮ್ಮ ಆಶ್ಚರ್ಯ ಪಡಲಿಲ್ಲ. "ಅಜ್ಜಿ ಯಾರಿಗಾದ್ರೂ ಯೋಳ್ಲೇಬೇಕಿತ್ತಲ್ಲ" ಎಂದು ಸೆರಗಿನಲ್ಲಿ ಮುಖ ಒರೆಸಿಕೊಂಡಳು. ನೀನು ಅಂದೇ ಹೇಳಿದ್ದೆ, ನಾನು ಕೇಳಲಿಲ್ಲ ಎಂದು ಅವಳ ಕೈ ಹಿಡಿದುಕೊಳ್ಳಬೇಕಿತ್ತು. ಹಿಡಿದುಕೊಳ್ಳಲಿಲ್ಲ. ಮರುದಿನ ಅವಳು ಹೊಸಕೋಟೆಯ ತಂಗಿಯ ಮನೆಗೆ ಹೊರಟುಹೋದಳು. ಮತ್ತೆ ಯಾರ ಹಾಸಿಗೆಯ ಹತ್ತಿರವೂ ಹೋಗಲಿಲ್ಲವೆಂದು ಕೇಳಿದೆ.

ತಿಥಿ ಮುಗಿದ ಮೇಲೆ ನಾನು ರಾಜಘಟ್ಟಕ್ಕೆ ಹೋದೆ. ನಡೆದದ್ದನ್ನು ಇದ್ದಂತೆ ಹೇಳಿ, ತಪ್ಪು ನನ್ನ ಪಾಠದ್ದು, ಲಕ್ಕಮ್ಮನದಲ್ಲ ಎಂದು ಒಪ್ಪಿಕೊಳ್ಳಬೇಕೆಂದೇ ಹೊರಟಿದ್ದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಬೈಗುಳಕ್ಕೂ ಸಿದ್ಧಳಾಗಿದ್ದೆ.

ಕೆಂಪಣ್ಣ ಎದ್ದುಬಂದು ಕೈ ಮುಗಿದ. "ನಿಮ್ ಲಕ್ಕಮ್ಮ ಪುಣ್ಯಾತ್ಗಿತ್ತಿ ಕಣಮ್ಮ. ಸರಿಯಾದ್ ಹೊತ್ಗೆ ಇಳಿಸಿದ್ಲು. ಮಂಚದ್ ಮೇಲೆ ಜೀವ ಹೋಗಿದ್ರೆ ಅವ್ವನಿಗೆ ಗತಿ ಇರ್ತಿರಲಿಲ್ಲ. ನನ್ ಕೈಯಾರೆ ನೀರ್ ಬಿಟ್ಟೆ. ಎಷ್ಟು ಜನ ಮಕ್ಕಳಿಗೆ ಸಿಗ್ತದೆ ಈ ಭಾಗ್ಯ?"

ನಾನು ಸತ್ಯ ಹೇಳಿದ್ದರೆ ಲಕ್ಕಮ್ಮನ ಮನಸ್ಸಿನ ಭಾರ ಇಳಿಯುತ್ತಿತ್ತು, ನನ್ನದೂ ಸ್ವಲ್ಪ ಇಳಿಯುತ್ತಿತ್ತೇನೋ. ಆದರೆ ಅದು ಹೋಗಿ ಕೂರುತ್ತಿದ್ದದ್ದು ಈ ಮನುಷ್ಯನ ಕೈಗಳ ಮೇಲೆ.

ಹೊರಡುವಾಗ ಅವನು ಬಾಗಿಲವರೆಗೆ ಬಂದು ತಗ್ಗಿದ ದನಿಯಲ್ಲಿ ಕೇಳಿದ. "ಒಂದೇ ಕೊರಗು ಉಳ್ಕೊಂಡದೆ ಕಣಮ್ಮ. ನೀರ್ ಬಿಡೋವಾಗ ಅವ್ವ ಎಡಗೈಲಿ ಚಾಪೆ ತಟ್ತು. ಮೂರ್ ಮೂರ್ ಸಲ. ಅವರಿಬ್ರಿಗೂ ಏನೋ ಕೈಮಾತು ಇತ್ತು, ನೀವೇ ಕಲ್ಸಿದ್ದಂತೆ. ಲಕ್ಕಮ್ಮನ್ನ ಕೇಳ್ದೆ, ಅವಳು ಬಾಯೇ ಬಿಡಲಿಲ್ಲ. ಮೂರ್ ಸಲ ತಟ್ಟಿದ್ರೆ ಏನಮ್ಮಾ?"

"ತೃಪ್ತಿಯಾಯ್ತು ಅಂತ" ಎಂದೆ.

ಅವನು ಅಲ್ಲೇ ಕಂಬಕ್ಕೆ ಒರಗಿ ಮಗುವಿನ ಹಾಗೆ ಅತ್ತ. ಸಮಾಧಾನದ ಅಳು. ನಾನು ಬಂದುಬಿಟ್ಟೆ.

ಆಮೇಲೆ ತರಗತಿಯಲ್ಲಿ ಆ ಪಾಠವನ್ನು ಕೈಬಿಟ್ಟೆ. ಮಂಚದ ಹಗ್ಗ ಬಿಗಿಯಾಗಿ ಎಳೆದು ಕಟ್ಟಿಸಿ, ಹಾಸಿಗೆ ಬದಲಿಸುವುದನ್ನು ಮಂಚದ ಮೇಲೆಯೇ ಕಲಿಸಿದೆ. ಅದೇನೂ ಅಷ್ಟು ಕಷ್ಟದ್ದಾಗಿರಲಿಲ್ಲ. ಮುನಿಯಮ್ಮ ಮತ್ತೆ ರೋಗಿಯಾಗಿ ಮಲಗಲು ಒಪ್ಪಲಿಲ್ಲ, ನಾನೂ ಒತ್ತಾಯಿಸಲಿಲ್ಲ. ಅವಳಿಗೆ ಆ ಮಧ್ಯಾಹ್ನದ ಒಂದು ಮಾತೂ ನೆನಪಿರಲಿಲ್ಲ.

ದೆವ್ವವನ್ನು ನಾನು ಈಗಲೂ ನಂಬುವುದಿಲ್ಲ. ಚಾಪೆ ತಟ್ಟಿದ್ದು ಅಭ್ಯಾಸಬಲ ಎನ್ನಬಹುದು. ಅವಳು ಊಟದ ಮೇಲೆ ಹೊಟ್ಟೆ ತುಂಬ ನೀರು ಕುಡಿದಿದ್ದಳು ಎನ್ನಬಹುದು. ಎಷ್ಟೋ ಸಲ ಅಂದುಕೊಂಡೂ ನೋಡಿದ್ದೇನೆ. ಆ ಮಾತೊಂದು ಮಾತ್ರ ಯಾವ ವಿವರಣೆಗೂ ಬಗ್ಗುವುದಿಲ್ಲ. ಇನ್ನೂ ಒಂದು ನನಗೆ ತಿಳಿಯದು. ಅದನ್ನು ಕೇಳಬೇಕಾದ ಮಗ ಅಲ್ಲೇ ಪಕ್ಕದಲ್ಲಿ ಕೂತಿದ್ದ. ಅವನನ್ನು ಬಿಟ್ಟು, ಅಷ್ಟು ದೂರ, ನಗುತ್ತಾ ನಿಂತಿದ್ದ ನನ್ನ ಹತ್ತಿರಕ್ಕೇ ಆ ಮಾತು ಯಾಕೆ ಬಂತು?