ಸಣ್ಣ ಆಂಪ್ಲಿಫೈಯರ್

ದಾಂಡೇಲಿಯಲ್ಲಿ ಮೈಕ್‌ಸೆಟ್ ಬಾಡಿಗೆಗೆ ಕೊಡುತ್ತಿದ್ದ ನನ್ನ ಗೆಳೆಯನನ್ನು ಯಾರಾದರೂ "ಎಷ್ಟು ವ್ಯಾಟ್?" ಎಂದು ಕೇಳಿದರೆ ಮುಖ ತಿರುಗಿಸಿ, "ಕಿವಿ ಬರೇ ಕನ್ನಡಕ ಸಿಗಿಸಾಕ ಅದಾವೇನ್ರಿ?" ಎನ್ನುತ್ತಿದ್ದ. ಅವನ ಪೆಟ್ಟಿಗೆಯೊಳಗೆ ದಪ್ಪ ದನಿಗೊಂದು ದೊಡ್ಡ ಸ್ಪೀಕರ್, ತೆಳು ದನಿಗೊಂದು ಸಣ್ಣ ಸ್ಪೀಕರ್ ಇದ್ದವು. ಎರಡಕ್ಕೂ ಬೇರೆ ಬೇರೆ ಆಂಪ್ಲಿಫೈಯರ್. ಸಣ್ಣದರದು ಅಂಗೈಯಗಲ.

ಒಮ್ಮೆ ಹಳಿಯಾಳದ ಕಡೆಯ ಹಳ್ಳಿಯ ಶಾಲೆಯಲ್ಲಿ ಸಿದ್ದಿ ಸಮುದಾಯದ ಅಜ್ಜಿಯೊಬ್ಬರ ಹಾಡು ಇತ್ತು. ನಾನು ಕೆಲಸಕ್ಕಿದ್ದ ಮಿಲ್ಲಿಗೆ ರಜೆಯಿದ್ದುದರಿಂದ ಪೆಟ್ಟಿಗೆ ಹೊರಲು ನಾನೂ ಹೋಗಿದ್ದೆ. ಆ ಪುಟ್ಟ ಆಂಪ್ಲಿಫೈಯರ್ ಕಂಡು ಶಾಲೆಯ ಕಮಿಟಿ ಅಧ್ಯಕ್ಷರಿಗೆ ಅವಮಾನವಾಯಿತು.

"ನಮ್ಮೂರಿಗೆ ಇಷ್ಟ ಸಣ್ಣದಾ? ನಾ ಗೋವಾದಿಂದ ತಂದ ದೊಡ್ಡ ಆಂಪ್ಲಿಫೈಯರ್ ಹಚ್ಚು."

"ಅದನ್ನ ಹಚ್ಚಿದರ ಸಣ್ಣ ಸ್ಪೀಕರ್ ಸುಡತೈತ್ರಿ. ದೊಡ್ಡದು ಕಂಡರ ಸಾಕು, ಕೈ ಮುಗೀತೀರಿ," ಎಂದು ಅವನು ಚಹಾಕ್ಕೆ ಹೋದ.

ಅಧ್ಯಕ್ಷರು ತಾವೇ ಸಣ್ಣ ಸ್ಪೀಕರಿನ ವೈರ್ ಬಿಚ್ಚಿ ತಮ್ಮ ಆಂಪ್ಲಿಫೈಯರಿಗೆ ಸಿಗಿಸಿದರು. ಅಜ್ಜಿ ಮೊದಲ ಸಾಲು ಎತ್ತಿದ್ದೇ ತಡ, ಸಣ್ಣ ಸ್ಪೀಕರ್ ಚಟ್ಟೆಂದು ಸುಟ್ಟಿತು. ಉಳಿದ ದಪ್ಪ ದನಿ ಕೊಡದೊಳಗೆ ಗೊಣಗಿದಂತೆ ಕೇಳಿ ಜನ ನಕ್ಕರು. ಅಜ್ಜಿ ಮೈಕ್ ಕೆಳಗಿಟ್ಟು ಹೊರಟೇಬಿಟ್ಟರು.

ಓಡಿಬಂದ ಅವನು ಅಧ್ಯಕ್ಷರತ್ತ ತಿರುಗಿಯೂ ನೋಡದೆ ಎಲ್ಲ ಸ್ವಿಚ್ ಆರಿಸಿದ. ಬಾಗಿಲಿಗೆ ಅಡ್ಡ ನಿಂತು, "ಆಯಿ, ಹಂಗ ಹಾಡ್ರಿ. ಮೈಕ್ ಬ್ಯಾಡ," ಎಂದ.

ಅಜ್ಜಿ ಹಾಡಿದರು. ಕೊನೆಯ ಬೆಂಚಿನಲ್ಲಿದ್ದ ನನಗೆ ಒಂದೊಂದು ಮಾತೂ ಬಿಡಿಬಿಡಿಯಾಗಿ ಕೇಳಿತು. ಅವನು ನನ್ನ ಪಕ್ಕ ಕುಳಿತು ತಲೆ ತಗ್ಗಿಸಿದ.

"ಈ ದನಿಗೆ ಮೈಕ್ ಹೊತ್ಕೊಂಡ ಬಂದೆ ನೋಡು," ಎಂದ. "ಆ ಅಧ್ಯಕ್ಷಗಿಂತ ನಾನ ದೊಡ್ಡ ಮೂರ್ಖ."